ಕಾಣೆಯಾದ ನನ್ನ ಅತ್ತೆ ಉಟ್ಟ ಸೀರೆ ಬಿಳಿಯದಲ್ಲ ಎಂಬ ಬಗ್ಗೆ

ಹೆಸರು ವರ್ಷಾ, ಗಂಡ ಅಂಬರೀಷ. ವಯಸ್ಸು 27 ವರ್ಷ. ಓದು ಬಿ.ಎಸ್ಸಿ. ಉದ್ಯೋಗ ಎಂಬಲ್ಲಿ ಮನೆಕೆಲಸ ಎಂದು ಹಾಕಿಕೊಳ್ಳಬಹುದು; ಏಳು ತಿಂಗಳ ಮಗಳಿದ್ದಾಳೆ. ವಾಸ ಬಸವಕಲ್ಯಾಣ, ತ್ರಿಪುರಾಂತ ಕೆರೆಯ ಕಡೆಯ ಓಣಿ. ನನ್ನ ಅತ್ತೆ ಯಶೋದಾಬಾಯಿ, ಗಂಡ ದಿವಂಗತ ಪಾಂಡುರಂಗ, ವಯಸ್ಸು 60, ಇವರು ಈ ದಿನ ಬೆಳಿಗ್ಗೆಯಿಂದ ಕಾಣೆಯಾದ ಬಗ್ಗೆ ನನ್ನ ಭಾವ, ಅಂದರೆ ಗಂಡನ ಅಣ್ಣ, ದೇವಿಂದ್ರಪ್ಪ ಹುಮನಾಬಾದದಲ್ಲಿ ದೂರು ಕೊಟ್ಟಿದ್ದಾರೆ. ಆ ದೂರಿನಲ್ಲಿ ಸೀರೆಯ ಬಣ್ಣ ತಪ್ಪಾಗಿದೆ. ಆದ್ದರಿಂದ ಬಸವಕಲ್ಯಾಣದ ಠಾಣೆಗೆ ಬಂದು, ಬೇರೆಯವರ ಕೈಯಿಂದ ಬರೆಸದೆ ನಾನೇ ಕೂತು ಬರೆದುಕೊಡುವ ಸಂಗತಿ ಹೀಗಿದೆ.

ಈ ದಿನ ಶುಕ್ರವಾರ ಬೆಳಗಿನ ಜಾವ 5 ಗಂಟೆ 10 ನಿಮಿಷಕ್ಕೆ ಕಬ್ಬಿಣದ ಟ್ರಂಕಿನ ಮುಚ್ಚಳ ಗೋಡೆಗೆ ತಾಗಿದ ಸದ್ದಿಗೆ ನನಗೆ ಎಚ್ಚರವಾಯಿತು. ಎಚ್ಚರವೆಂದರೆ, ಮಗಳು ಹುಟ್ಟಿದಾಗಿನಿಂದ ನಾನು ಸರಿಯಾಗಿ ಮಲಗಿದವಳೇ ಅಲ್ಲ, ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದೆ. ಅತ್ತೆ ಬಲ್ಬಿನ ಕೆಳಗೆ ನಿಂತು ಸೀರೆಯ ನೆರಿಗೆ ಹಿಡಿಯುತ್ತಿದ್ದರು. ಆ ಸೀರೆ ನೀಲಿ. ನಿದ್ದೆಗಣ್ಣಿನಲ್ಲಿ ನೋಡಿದ್ದು ಅಂತ ಭಾವ ಹೇಳುತ್ತಿದ್ದಾರೆ. ಆ ಸೀರೆಗೆ ಬಣ್ಣ ಹಾಕಿದವಳೇ ನಾನು. ಅದು ಹೇಗೆ ನೀಲಿಯಾಯಿತು ಎಂಬುದನ್ನು ಮೊದಲು ಹೇಳಬೇಕು.

ಮಾವನವರು ತೀರಿಕೊಂಡು ನಾಲ್ಕು ವರ್ಷ. ಆಗಿನಿಂದ ಅತ್ತೆ ಬಿಳಿ ಸೀರೆ ಬಿಟ್ಟು ಬೇರೆ ಉಟ್ಟಿರಲಿಲ್ಲ. ಒಟ್ಟು ಐದು ಇದ್ದವು. ಒಗೆಯುವವಳು ನಾನಾದ್ದರಿಂದ ನನಗೆ ಗೊತ್ತು.

ಒಂದು ತಿಂಗಳಿಂದ ರಾತ್ರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹಳೆಯ ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ ವೀಡಿಯೊಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ಬಟ್ಟೆಯನ್ನು ಅಲ್ಲಲ್ಲಿ ಚಿವುಟಿ ದಾರ ಬಿಗಿದರೆ ಅಲ್ಲಿಗೆ ಬಣ್ಣ ಹೋಗುವುದಿಲ್ಲ, ಬಿಚ್ಚಿದಾಗ ಬಿಳಿ ಬಳೆಯಂಥ ಗುರುತು ಉಳಿಯುತ್ತದೆ. 17ನೇ ತಾರೀಖು ರವಿವಾರ ಪೇಟೆಯಿಂದ ನೀಲಿ ಬಣ್ಣದ ಪುಡಿ ತಂದು ಮೊದಲು ನನ್ನ ಗಂಡನ ಹಳೆಯ ಬನಿಯನ್ನಿಗೆ ಹಾಕಿದೆ. ದಾರ ಸಡಿಲಾಗಿ ಬಣ್ಣ ಒಳಗೆ ನುಗ್ಗಿತು, ಬೆನ್ನ ತುಂಬ ಒಂದೇ ಕಲೆ. ಅತ್ತೆ ಅದನ್ನು ಎತ್ತಿ ಹಿಡಿದು, ಇದೇನವ್ವ, ನನ್ನ ಮಗನ ಬೆನ್ನ ಮ್ಯಾಲ ಎಮ್ಮಿ ಮಲಗಿ ಎದ್ದಂಗ ಆಗ್ಯಾದಲ್ಲ, ಅಂತ ನಕ್ಕರು. ಅವರು ಹಾಗೆ ಹೊಟ್ಟೆ ಹಿಡಿದು ನಗುವುದನ್ನು ಮದುವೆಯಾಗಿ ಬಂದ ಮೇಲೆ ನಾನು ಮೊದಲ ಸಲ ನೋಡಿದ್ದು.

ನಂತರ ಅವರು ಒಳಗೆ ಹೋಗಿ ಟ್ರಂಕಿನಿಂದ ತಮ್ಮದೊಂದು ಬಿಳಿ ಸೀರೆ ತಂದು ನನ್ನ ಮುಂದೆ ಇಟ್ಟು, ಇದಕ್ಕೂ ಹಾಕು ಅಂದರು. ನಾನು ಕೇಳಿದ್ದಲ್ಲ, ಪುಸಲಾಯಿಸಿದ್ದಲ್ಲ. ಅತ್ತೀ, ಭಾವೋರು ಏನಂತಾರ, ಅಂತ ನಾನೇ ಹಿಂಜರಿದೆ. ಅದಕ್ಕೆ ಅವರು, ಅವ ನನ್ನ ಹೊಟ್ಟ್ಯಾಗಿಂದ ಬಂದಾನ, ನಾ ಅವನ ಹೊಟ್ಟ್ಯಾಗಿಂದ ಬಂದಿಲ್ಲ, ಅಂದರು.

ಇಬ್ಬರೂ ಕೂತು ಒಂದೊಂದು ಕಡಲೆ ಕಾಳನ್ನು ಒಳಗಿಟ್ಟು ಗಂಟು ಕಟ್ಟಿದೆವು. ಅತ್ತೆಯ ಮನೆಯವರು ಮೊದಲು ಕೊಹಿನೂರ ಎಂಬ ಹಳ್ಳಿಯಲ್ಲಿ ಆಡು ಕಾಯುತ್ತಿದ್ದರು. ಮಂದೆಗಳು ಬೆರೆತರೆ ಯಾರ ಆಡು ಎಂದು ತಿಳಿಯಲಿ ಎಂದು ಒಂದೊಂದು ಮನೆಯವರು ಕೊಂಬಿಗೆ ಒಂದೊಂದು ಬಣ್ಣ ಬಳಿಯುತ್ತಿದ್ದರಂತೆ. ಅತ್ತೆಯ ಮನೆಯದು ನೀಲಿ. ಒಮ್ಮೆ ಅವರ ಆಡೊಂದು ತಪ್ಪಿಸಿಕೊಂಡು ಹುಲಸೂರ ಸಂತೆಯವರೆಗೂ ಹೋಗಿತ್ತು, ಅಲ್ಲಿ ಯಾರೋ ಕೊಂಬು ನೋಡಿ, ಇದು ಕೊಹಿನೂರ ಪಾಂಡುರಂಗಂದು, ಅಂತ ಗುರುತು ಹಿಡಿದು ಮನೆಗೆ ಮುಟ್ಟಿಸಿದರು ಅಂತ ಅತ್ತೆ ಹೇಳಿದರು. ಬಣ್ಣ ಇಲ್ಲದ ಆಡು ಮಂದ್ಯಾಗ ಹೊಕ್ರ ಯಾರ್ ಹುಡಕ್ತಾರವ್ವ, ಅಂತಲೂ ಹೇಳಿದರು. ಆಡಿನ ವಿಷಯ ಇಲ್ಲಿ ಬ್ಯಾಡ ತಂಗಿ, ಅಂತ ಈ ಠಾಣೆಯ ಹವಾಲ್ದಾರರು ಈಗ ಅಂದರು. ಬೇಕ್ರಿ, ಅಂತ ಹೇಳಿ ನಾನು ಬರೆದಿದ್ದೇನೆ.

ಬಣ್ಣದ ನೀರಿನಲ್ಲಿ ಸೀರೆಯನ್ನು ಇಡೀ ರಾತ್ರಿ ನೆನೆಯಲು ಬಿಡಬೇಕಿತ್ತು. ಕೂಸು ಅಳಲು ಹತ್ತಿದ್ದರಿಂದ ಎರಡು ತಾಸಿಗೇ ತೆಗೆದೆ. ಆದ್ದರಿಂದ ಬಣ್ಣ ಬಿಡುತ್ತದೆ. ಬೆವರು ತಾಗಿದಲ್ಲೆಲ್ಲ ಕುತ್ತಿಗೆ, ಮಣಿಕಟ್ಟು ನೀಲಿಯಾಗುತ್ತವೆ. ಕಲಿಯುವವರ ಕೈಕೆಲಸ, ಹಾಗಾಗಿದೆ. ಆದರೆ ಹುಡುಕುವವರಿಗೆ ಇದರಿಂದ ಅನುಕೂಲವೇ. ಸೆರಗಿನ ತುದಿಯಲ್ಲಿ ಒಂದು ಗಂಟು ಬಿಚ್ಚದೆ ಉಳಿದಿದೆ, ಒಳಗೆ ಕಡಲೆ ಇದೆ. ನಾನು ಕತ್ತರಿ ತಂದಾಗ, ಇರ್ಲಿ ಬಿಡು, ಕೂಸಿಗಿ ಹಿಡ್ಕೊಳ್ಳಾಕ ಆಗ್ತದ, ಅಂತ ಅತ್ತೆ ತಡೆದರು. ಎತ್ತಿಕೊಂಡಾಗ ಮಗಳು ಆ ಗಂಟನ್ನೇ ಹಿಡಿಯುತ್ತಾಳೆ.

ಸೋಮವಾರ ಬೆಳಿಗ್ಗೆ ಅತ್ತೆ ಆ ಸೀರೆ ಉಟ್ಟು ನಳಕ್ಕೆ ಹೋದರು. ಅತ್ತೆಯನ್ನು ಖಾಲಾ ಅಂತ ಕರೆಯುವ ಪಕ್ಕದ ಮನೆಯ ಸೈಮಾ, ಖಾಲಾ, ಹತ್ತು ವರ್ಷ ಎಲ್ಲಿ ಬಿಟ್ಟು ಬಂದ್ರಿ, ಅಂತ ಕೇಳಿ ಫೋಟೊ ತೆಗೆಯಲು ಮೊಬೈಲ್ ಎತ್ತಿದಳು. ಅತ್ತೆ ಬಾಯಿಗೆ ಸೆರಗು ಹಿಡಿದು, ಮೊದಲ ಹಲ್ಲು ಕಟ್ಟಿಸ್ಕೊತೀನಿ, ಆಮ್ಯಾಲ ತೆಗೀಯವ್ವ, ಅಂದರು. ಹಾಗಾಗಿ ಆ ಸೀರೆಯಲ್ಲಿ ಅವರ ಫೋಟೊ ಇಲ್ಲ. ಭಾವ ಕೊಟ್ಟಿರುವ ಫೋಟೊ ಮೂರು ವರ್ಷದ ಹಿಂದಿನದು.

ಬುಧವಾರ ಮಧ್ಯಾಹ್ನ ಭಾವ ಹುಮನಾಬಾದದಿಂದ ಬಂದರು. ಅವರ ಮಗಳು ಧನಶ್ರೀಯ ನಿಶ್ಚಯ ಶುಕ್ರವಾರ 11 ಗಂಟೆಗೆ ಇತ್ತು, ತಾಯಿಯನ್ನು ಕರೆಯಲು ಬಂದಿದ್ದರು. ಸೀರೆ ನೋಡಿ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಇದೇನ್ ನಾಟಕವ್ವ, ಬೀಗರು ಬರೋರಿದ್ದಾರ, ನನ್ನ ಇಜ್ಜತ್ ಏನಾಗಬೇಕು, ಬರೋದಿದ್ರ ಬಿಳೇದು ಉಟ್ಕೊಂಡು ಬಾ, ಇಲ್ಲಂದ್ರ ಬರಬ್ಯಾಡ, ಅಂತ ಅಂದರು. ನನ್ನ ಕಡೆ ತಿರುಗಿ, ಕೂಸಿನ ಲಂಗೋಟಿ ಒಗ್ಯಾದು ಬಿಟ್ಟು ಮುದುಕಿಗಿ ಸಿಂಗಾರ ಮಾಡ್ಲಿಕ್ಕತ್ತೀ ಏನು, ಅಂತ ಕೇಳಿದರು. ಲಂಗೋಟಿಗೂ ಬಣ್ಣ ಹಾಕೀನ್ರಿ, ನೋಡ್ತೀರೇನು, ಅಂತ ನಾನು ಹೇಳಿದೆ. ಅತ್ತೆ ಚಹಾ ಮಾಡಿಕೊಟ್ಟರು. ಭಾವ ಹೊರಟಾಗ, ಬರ್ತೀನಿ ಹೋಗಪ್ಪ, ಅಂದರು.

ಈಗ ಈ ದಿನದ ವಿಷಯ. ಅತ್ತೆ ನೀಲಿ ಸೀರೆ ಉಟ್ಟು, ಶುಗರಿನ ಗುಳಿಗೆ ನುಂಗಿದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ರೊಟ್ಟಿ ತಿಂದು ಹೋಗ್ರಿ ಅಂದೆ. ಮಮ್ಮಗಳ ಮನ್ಯಾಗ ಹೋಳಿಗಿ ಉಣ್ತೀನಿ, ನೀ ಮಲ್ಕೊ, ಕೂಸು ಏಳ್ತದ, ಅಂದರು. ನಾನು ಜೊತೆಗೆ ಹೋಗಬೇಕಿತ್ತು, ಆದರೆ ಮಗಳಿಗೆ ಜ್ವರ. ನನ್ನ ಗಂಡ ಲಾರಿ ಮೇಲೆ ಪುಣೆಗೆ ಹೋಗಿದ್ದರು. ದಾರಿಗೆಂದು ಕಟ್ಟಿಕೊಟ್ಟ ರೊಟ್ಟಿ ಗಂಟು ಟ್ರಂಕಿನ ಮೇಲೆಯೇ ಉಳಿದದ್ದನ್ನು ನಾನು ನೋಡುವಷ್ಟರಲ್ಲಿ ಅವರು 5 ಗಂಟೆ 40 ನಿಮಿಷಕ್ಕೆ ಆಟೊ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋಗಿಯಾಗಿತ್ತು. ಅವರ ಹತ್ತಿರ ಫೋನ್ ಇಲ್ಲ.

ಗುಳಿಗೆ ನುಂಗಿ ಏನೂ ತಿನ್ನದಿದ್ದರೆ ಅವರಿಗೆ ಶುಗರ್ ಇಳಿಯುತ್ತದೆ. ಮಾತು ತೊದಲುತ್ತದೆ, ತಮ್ಮ ಹೆಸರೂ ನೆನಪಾಗುವುದಿಲ್ಲ. ನೋಡಿದವರು ಕುಡಿದಿದ್ದಾರೆ ಎಂದುಕೊಳ್ಳುತ್ತಾರೆ. ಹಿಂದೆ ಎರಡು ಸಲ ಹೀಗಾಗಿದೆ.

ಮಧ್ಯಾಹ್ನ 12 ಗಂಟೆ 30 ನಿಮಿಷಕ್ಕೆ ಭಾವನ ಹೆಂಡತಿ ಪೂನಂ ಫೋನ್ ಮಾಡಿ, ಅತ್ತಿ ಯಾಕ ಬರಲಿಲ್ಲ, ಸಿಟ್ಟಾಗ್ಯಾರೇನು, ಅಂತ ಪಿಸುಮಾತಿನಲ್ಲಿ ಕೇಳಿದರು. ನಸುಕಿನಲ್ಲೇ ಹೊರಟಾರ ಅಂತ ನಾನು ಹೇಳಿದೆ. ನಿಶ್ಚಯ ಮುಗಿದ ಮೇಲೆ 4 ಗಂಟೆಗೆ ಭಾವ ದೂರು ಕೊಟ್ಟರು. ಸಂಜೆ 6 ಗಂಟೆಗೆ ಎಲ್ಲರ ಮೊಬೈಲಿಗೆ ಅತ್ತೆಯ ಫೋಟೊ ಬಂತು, ಕೆಳಗೆ ಬಿಳಿ ಸೀರೆ ಧರಿಸಿರುತ್ತಾರೆ ಅಂತ ಇತ್ತು. ನಾನು ತಕ್ಷಣ ಭಾವನಿಗೆ ಫೋನ್ ಮಾಡಿ ನೀಲಿ ಸೀರೆ ಅಂತ ಹೇಳಿದೆ. ಊರೆಲ್ಲ ಓದ್ತಾರ, ಬೀಗರೂ ಓದ್ತಾರ, ಹಂಗ ಬರಸಾಕ ಬರಲ್ಲ, ಮಾರಿ ನೋಡಿ ಗುರ್ತು ಹಿಡೀತಾರ ಬಿಡು, ಅಂದರು. ಇದನ್ನು ಹೇಳುವಾಗ ಅವರು ಅಳುತ್ತಿದ್ದರು. ಅದನ್ನೂ ಬರೆಯುತ್ತಿದ್ದೇನೆ. ಅಳುತ್ತಲೇ ಬಿಳಿ ಅಂದರು.

ಸಂಜೆ 7 ಗಂಟೆ 15 ನಿಮಿಷಕ್ಕೆ ಕೂಸನ್ನು ಎತ್ತಿಕೊಂಡು ಸೈಮಾಳ ಜೊತೆ ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ಹೈದರಾಬಾದದಿಂದ ತಿರುಗಿ ಬಂದಿದ್ದ ಬಸ್ಸಿನ ಕಂಡಕ್ಟರ್ ಕಲ್ಲಿನಾಥ ಸಿಕ್ಕರು. ನಾನು ಬಿಳಿ ಅನ್ನಲಿಲ್ಲ. ನೀಲಿ ಸೀರೆ, ಮೈತುಂಬ ಬಿಳಿ ಬಳೆ ಬಳೆ, ಅಂದೆ. ಅವರು ಕೂಡಲೇ, ಹೌದ್ರಿ, ಆ ಅಮ್ಮಾರು ಕುಂತ ಸೀಟೆಲ್ಲ ನೀಲಿ ಆಗ್ಯಾದ, ಡಿಪೋದಾಗ ನನಗೇ ಬೈತಾರ, ಅಂದರು. ಸೀಟನ್ನು ನಾನೂ ಸೈಮಾಳೂ ನೋಡಿದ್ದೇವೆ. ಕಿಟಕಿಯ ಕಂಬಿಯ ಮೇಲೆ ಐದು ಬೆರಳಿನ ನೀಲಿ ಗುರುತು ಇದೆ. ಅತ್ತೆ ಹುಮನಾಬಾದಕ್ಕೆ ಟಿಕೆಟ್ ತೆಗೆಸಿದ್ದರು, ಆದರೆ ನಿದ್ದೆ ಹತ್ತಿ ಅಲ್ಲಿ ಇಳಿಯಲಿಲ್ಲವಂತೆ. ಎಬ್ಬಿಸಿದಾಗ ಮಾತು ತೊದಲುತ್ತಿತ್ತಂತೆ. ಬೆಳಿಗ್ಗೆ ಸುಮಾರು 7 ಗಂಟೆ 40 ನಿಮಿಷಕ್ಕೆ, ಹುಮನಾಬಾದ ದಾಟಿದ ಮೇಲೆ ಬರುವ ಮನ್ನಾಏಖೇಳ್ಳಿಯಲ್ಲಿ ಇಳಿಸಿ, ಸ್ಟಾಪಿನ ಎದುರಿನ ಅಬ್ದುಲ್ ರಜಾಕ್ ಅವರ ಚಹಾ ಅಂಗಡಿಯ ಬೆಂಚಿನ ಮೇಲೆ ಕೂಡ್ರಿಸಿ, ತಿರುಗಿ ಹೋಗೋ ಬಸ್ಸಿಗಿ ಹತ್ತಸ್ರಿ, ಅಂತ ಹೇಳಿ ಹೋದೆ ಅಂತ ಕಲ್ಲಿನಾಥ ತಿಳಿಸಿದರು.

ರಾತ್ರಿ 8 ಗಂಟೆ 20 ನಿಮಿಷಕ್ಕೆ ಈ ಠಾಣೆಗೆ ಬಂದೆ. ಹವಾಲ್ದಾರರು ನನ್ನ ಮುಂದೆಯೇ ಆ ಕಡೆಯ ಪೊಲೀಸರಿಗೆ ಫೋನ್ ಮಾಡಿದರು. ದಾರಿಯ ಬಸ್‌ಸ್ಟಾಪುಗಳನ್ನೆಲ್ಲ ನೋಡುತ್ತ ಸಂಜೆಯೇ ಮನ್ನಾಏಖೇಳ್ಳಿಗೆ ಹೋಗಿ ರಜಾಕ್ ಅವರನ್ನು ವಿಚಾರಿಸಿದ್ದಾರೆ, ಬಿಳಿ ಸೀರೆಯವರು ಯಾರೂ ಬಂದಿಲ್ಲ ಅಂತ ಅವರು ಹೇಳಿದ್ದಾರೆ, ಅಂತ ಉತ್ತರ ಬಂತು. ರಜಾಕ್ ಅವರು ಸುಳ್ಳು ಹೇಳಿಲ್ಲ. ಅವರನ್ನು ಕೇಳಿದ್ದೇ ತಪ್ಪು ಸೀರೆ. ಈಗ ಅಂಗಡಿ ಮುಚ್ಚ್ಯಾದ, ಮುಂಜಾನೆ ಕೇಳ್ತೀವಿ, ಅಂತ ಆ ಕಡೆಯವರು ಅಂದರು.

ದೂರು ಕೊಟ್ಟವ ಹೊಟ್ಟೆ ಮಗ ತಂಗಿ, ಅವನ ಮಾತು ಹ್ಯಾಂಗ ತಿದ್ದಲಿ, ಅಂತ ಹವಾಲ್ದಾರರು ನನ್ನನ್ನು ಕೇಳಿದರು. ನಾನು ಸೈಮಾಳನ್ನು ಮನೆಗೆ ಕಳಿಸಿ ಟ್ರಂಕಿನಲ್ಲಿದ್ದ ಬಿಳಿ ಸೀರೆಗಳನ್ನು ತರಿಸಿ ಮೇಜಿನ ಮೇಲೆ ಇಟ್ಟೆ. ಐದು ಇದ್ದವು, ಇಲ್ಲಿ ನಾಲ್ಕು ಇವೆ. ಐದನೆಯದು ಅವರ ಮೈಮೇಲಿದೆ, ಅದು ಈಗ ಬಿಳಿ ಅಲ್ಲ. ಎಣಿಸಿಕೊಳ್ಳಬಹುದು. ನನ್ನ ಗಂಡನಿಗೆ ಫೋನ್ ಹಚ್ಚಿ ಕೊಟ್ಟೆ. ಅವರು, ಅಣ್ಣಂಗ ನಾ ಹೇಳ್ಕೋತೀನಿ, ಅಕಿ ಬರೆದಂಗ ಹಾಕ್ರಿ, ಅಂತ ಹವಾಲ್ದಾರರಿಗೆ ಹೇಳಿದರು. ಅವರು ಹೇಳದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ.

ಅದೇ ಬಣ್ಣದ ನೀರಿನಲ್ಲಿ ಅದ್ದಿದ ನನ್ನ ಮಗಳ ಒಂದು ಲಂಗೋಟಿಯನ್ನು ಇದಕ್ಕೆ ಪಿನ್ ಹಾಕಿ ಕೊಟ್ಟಿದ್ದೇನೆ. ಇದರ ಫೋಟೊ ತೆಗೆದು ಎಲ್ಲ ಠಾಣೆಗೂ ಕಳಿಸಬೇಕು. ಬಣ್ಣ ಸಾಲದಿದ್ದರೆ ನನ್ನ ಉಗುರು ನೋಡಬಹುದು, ಇನ್ನೂ ಹೋಗಿಲ್ಲ. ಅತ್ತೆಯನ್ನು ಹಾಳು ಮಾಡಿದವಳು ನಾನು ಅಂತ ಭಾವ ಬರೆಸುವುದಿದ್ದರೆ ನಾಳೆ ಬರೆಸಲಿ, ಅದಕ್ಕೂ ಬಂದು ಉತ್ತರ ಕೊಡುತ್ತೇನೆ. ಅವರು ಆ ಸೀರೆಯನ್ನು ಮನಸ್ಸಿನಿಂದ ಉಟ್ಟರು. ಅದನ್ನು ಬಿಚ್ಚಿಸಿ, ಕಾಗದದ ಮೇಲಾದರೂ ಬಿಳಿ ಉಡಿಸಲು ನಾನು ಒಪ್ಪುವುದಿಲ್ಲ.

ನನಗೆ ಗೊತ್ತಿಲ್ಲದ್ದನ್ನು ಇದರಲ್ಲಿ ಸೇರಿಸಿಲ್ಲ, ಗೊತ್ತಿದ್ದನ್ನು ಯಾರ ಇಜ್ಜತ್ತಿಗಾಗಿಯೂ ಬಿಟ್ಟಿಲ್ಲ. ಓದಿ ನೋಡಿ ಸಹಿ ಮಾಡಿದ್ದೇನೆ.

ಸ್ಥಳ: ಬಸವಕಲ್ಯಾಣ
ದಿನಾಂಕ: 22-11-2024, ರಾತ್ರಿ 9 ಗಂಟೆ 50 ನಿಮಿಷ
ಸಹಿ: ವರ್ಷಾ

ಸಹಿಯ ಕೆಳಗೆ ಬರೆಯಬಾರದು ಅಂತ ಹವಾಲ್ದಾರರು ಹೇಳಿದರು. ಆದರೂ ಬರೆಯುತ್ತಿದ್ದೇನೆ. ರಜಾಕ್ ಅವರ ಮನೆ ಚಹಾ ಅಂಗಡಿಯ ಹಿಂದೆಯೇ ಇದೆ ಅಂತ ಕಂಡಕ್ಟರ್ ಹೇಳಿದ್ದಾರೆ. ಹೊರಗೆ ಥಂಡಿ ಇದೆ. ಇದನ್ನು ಓದುವವರು ಯಾರೇ ಇರಲಿ, ಮುಂಜಾನೆಯವರೆಗೆ ಕಾಯಬೇಡಿ, ಈಗಲೇ ಯಾರನ್ನಾದರೂ ಕಳಿಸಿ ಅವರ ಬಾಗಿಲು ಬಡಿಸಿ, ನೀಲಿ ಅಂತ ಕೇಳಿಸಿ. ಅತ್ತೆ ಸಿಕ್ಕರೆ ಮೊದಲು ಸಕ್ಕರೆ ನೀರು ಕೊಡಿ, ಹೆಸರು ಆಮೇಲೆ ಕೇಳಿ. ನನ್ನ ನಂಬರ್ ಹಾಳೆಯ ಹಿಂಬದಿಗೆ ಇದೆ. ನಾನು ಹೇಗೂ ಮಲಗುವುದಿಲ್ಲ, ಒಂದೇ ರಿಂಗಿಗೆ ಎತ್ತುತ್ತೇನೆ. ಬೆಳಗಾಗುವ ಮೊದಲು ಫೋನ್ ಮಾಡ್ರಿ. ಸಿಗದಿದ್ದರೂ ಮಾಡ್ರಿ.