ನೀರಿನಲ್ಲೂ ಚಿರತೆ

ಚಿರತೆ ಬಂದಿದೆ ಅಂತ ಪಾರ್ಕಿಗೆ ಬೀಗ ಜಡಿದು, ನಿವೃತ್ತ ಮೇಷ್ಟ್ರ ಸಂಜೆಯ ವಾಕಿಂಗಿಗೇ ಕಲ್ಲು ಹಾಕಿದ್ದರು. ಮುಖ ಗಂಟು ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ, ಪಕ್ಕದಲ್ಲಿದ್ದ ಲ್ಯಾಬಿನ ಹೆಣ್ಣುಮಕ್ಕಳಿಬ್ಬರ ಮಾತು ಕೇಳಿ ಅವರ ಕಿವಿ ನೆಟ್ಟಗಾಯಿತು.

“ಅಕ್ಕಾ, ಪಾರ್ಕಿನ ಬೇಲಿಯಲ್ಲಿ ಸಿಕ್ಕ ಕೂದಲಿನ ಡಿಎನ್‌ಎ ನೋಡೋಕೆ ಪಿಸಿಆರ್ ಟೆಸ್ಟ್ ಮತ್ತೆ ಮಾಡಿದೆ. ಈ ಸಲ ಹೋಲಿಸಿ ನೋಡೋಕೆ ಅಂತ ಬರೀ ನೀರು ಹಾಕಿದ ಟ್ಯೂಬಲ್ಲೂ ಬೆಕ್ಕಿನ ಜಾತಿ ಅಂತಲೇ ಬಂತು.”

“ನೀರಲ್ಲಿ ಚಿರತೆ ಎಲ್ಲಿಂದ ಬರುತ್ತೆ? ನಿಮ್ಮನೆ ಬೆಕ್ಕು ಎಲ್ಲಿ ಮಲಗುತ್ತೆ, ಹೇಳು?”

“ನನ್ನ ಸ್ವೆಟರ್ ಮೇಲೆ.”

“ಸರಿಹೋಯ್ತು! ಅದರದೊಂದು ಕೂದಲು ಬಿದ್ದಿದ್ರೂ ಸಾಕು, ಆ ಮಷೀನು ಡಿಎನ್‌ಎನ ಕೋಟಿ ಪಟ್ಟು ಮಾಡಿಬಿಡುತ್ತೆ.”

“ಥೇಟ್ ನಮ್ಮತ್ತೆ ಥರ. ಒಂದು ಮಾತು ಸಿಕ್ಕಿದ್ರೆ ಸಾಕು.”

“ನಗಬೇಡ. ಸರ್‌ಗೆ ಹೇಳಿದ್ಯಾ?”

“ಹೇಗೆ ಹೇಳ್ಲಿ? ಅವರಾಗಲೇ ಟಿವಿಯವರ ಮುಂದೆ ಚಿರತೆ ಅಂತ ಹೇಳಿಬಿಟ್ಟಿದ್ದಾರೆ. ನನ್ನ ಕೆಲಸ ಹೋಗುತ್ತಕ್ಕಾ!”

“ಇವತ್ತು ಹೇಳಿದ್ರೆ ಬರೀ ಬೈಗುಳ. ನಾಳೆ ಅವರಿಗೇ ಗೊತ್ತಾದ್ರೆ ಕೆಲಸ ಹೋಗೋದು ಗ್ಯಾರಂಟಿ.”

ಬಸ್ಸು ಬಂತು. ಕಿರಿಯಳು ಮೆಟ್ಟಿಲು ಹತ್ತುತ್ತಲೇ ಫೋನು ಕಿವಿಗಿಟ್ಟಳು. ಮೇಷ್ಟ್ರು ಉಸಿರು ಬಿಗಿಹಿಡಿದು ಕೇಳಿಸಿಕೊಂಡರು.

“ಸರ್, ಬೋನು ಇಡೋದು ಬೇಡ ಅಂತ ಫಾರೆಸ್ಟ್‌ನವರಿಗೆ ಹೇಳಿಬಿಡಿ. ಚಿರತೆ ನಮ್ಮನೆ ಸೋಫಾ ಮೇಲಿದೆ.”