ಶಾಮರಾಯರ ಕೋಲು

ಕಡೆಯ ಲೋಕಲ್ಲಿನಿಂದ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದವರು ಗುರುಚರಣರು ಒಬ್ಬರೇ. ಮೆಟ್ಟಿಲಿಳಿದು ರಸ್ತೆಗೆ ಬಂದರು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹತ್ತು ಹೆಜ್ಜೆ ಹಾಕಿರಬೇಕು... ಹಿಂದೆ ಯಾರೋ ಕೆಮ್ಮಿದರು.

ಖುಹ್... ಖುಹ್... ಆಮೇಲೆ ಒಂದು ಉದ್ದದ ಎಳೆತ. ಗಂಟಲಲ್ಲಿ ಮರಳು ಸಿಕ್ಕಿದ ಹಾಗೆ.

ಗುರುಚರಣರು ನಿಂತುಬಿಟ್ಟರು. ಆ ಕೆಮ್ಮು ಅವರದೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ರೇಡಿಯೋ ನಾಟಕದ ಒಬ್ಬ ಮುದುಕನಿಗಾಗಿ ಮೈಕಿನ ಮುಂದೆ ನಿಂತು ಕಲಿತದ್ದು. ಆಮೇಲೆ ನಾಟಕದ ಸ್ಟೇಜಿನಲ್ಲಿ, ಆಮೇಲೆ ಸಿನಿಮಾದಲ್ಲಿ, ಐವತ್ತು ವರ್ಷ ಅದನ್ನೇ ಕೆಮ್ಮಿದ್ದರು. ನಾಯಕಿಯ ಅಪ್ಪ, ನಾಯಕನ ಸೋದರಮಾವ, ಊರಗೌಡ, ಜಡ್ಜು. ಮುಖ ಎಲ್ಲರಿಗೂ ಗೊತ್ತು. ಹೆಸರು ಯಾರಿಗೂ ಗೊತ್ತಿಲ್ಲ.

ತಿರುಗಿ ನೋಡಿದರು. ರಸ್ತೆ ಖಾಲಿ.

ಟಕ್... ಟಕ್...

ಈಗ ಕೋಲು. ತುದಿಗೆ ಹಿತ್ತಾಳೆ ಬಳೆ ಇದ್ದ ಕೋಲು. ಇಡೀ ದಿನ ಅದನ್ನು ಹಿಡಿದು ನಟಿಸಿದ್ದರು. ತಾಂಬರಂ ಆಚೆಯ ಶೂಟಿಂಗ್ ಮನೆಯಲ್ಲಿ, ಮಂಚದ ಪಕ್ಕ ಇಟ್ಟು ಬಂದಿದ್ದರು.

ಆಗ ಅವರಿಗೆ ನೆನಪಾಯಿತು. ಅವತ್ತು ಅವರು ಮಾಡಿದ್ದು ಸಾಯುವ ದೃಶ್ಯ. ಶಾಮರಾಯ ಅನ್ನುವ ಮುದುಕ ಮಂಚದ ಮೇಲೆ ಸಾಯುತ್ತಾನೆ.

ಸಾಯುವ ದೃಶ್ಯಕ್ಕೆ ಒಂದು ಕ್ರಮವುಂಟು. ಕಟ್ ಅಂದ ಮೇಲೆ ನಟ ತಾನಾಗಿ ಏಳಬಾರದು. ಯಾರಾದರೂ ಅವನ ಸ್ವಂತ ಹೆಸರು ಹಿಡಿದು ಕೂಗಬೇಕು. ಅವನು ಓಗೊಟ್ಟು, ಎದ್ದು, ಒಮ್ಮೆ ನಗಬೇಕು. ಕ್ಯಾಮೆರಾದಲ್ಲಿ ಆ ನಗು ಹಿಡಿಯಬೇಕು. ಇಲ್ಲದಿದ್ದರೆ ಸತ್ತವನೂ ಜೊತೆಗೆ ಎದ್ದು ಬರುತ್ತಾನೆ. ಯಾರೂ ಕೂಗದೆ ತಾನಾಗಿ ಎದ್ದುಹೋದ ಒಬ್ಬ ಹಿರಿಯ ನಟನನ್ನು ಗುರುಚರಣರು ಕಂಡಿದ್ದರು. ಬೆಳಗಾಗುವುದರೊಳಗೆ ಅವನು ಹೆಣ.

ಹತ್ತೊಂಬತ್ತು ಸಲ ಸತ್ತಿದ್ದರು ಗುರುಚರಣರು. ಹತ್ತೊಂಬತ್ತು ಸಲವೂ ಯಾರೋ ಒಬ್ಬರು ಕೂಗಿದ್ದರು.

ಅವತ್ತು ಜನರೇಟರ್ ಕೈಕೊಟ್ಟಿತು. ಎಲ್ಲರಿಗೂ ಮನೆಗೆ ಹೋಗುವ ಅವಸರ. ಅಸಿಸ್ಟೆಂಟ್ ಡೈರೆಕ್ಟರ್ ಶ್ರೀನಾಥ್, ಮೈಸೂರಿನಿಂದ ಹೊಸದಾಗಿ ಬಂದವನು, ಟಾರ್ಚ್ ಬಿಟ್ಟು, "ಶಾಮರಾಯರೇ, ಏಳಿ ಸಾರ್. ಪ್ಯಾಕಪ್" ಅಂದ. ಸೆಟ್ಟಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಸೊಂಟ ನೋಯುತ್ತಿತ್ತು. ಗುರುಚರಣರು ಎದ್ದುಬಿಟ್ಟರು.

ರಸ್ತೆಯಲ್ಲೇ ನಿಂತು ಶ್ರೀನಾಥನಿಗೆ ಫೋನ್ ಮಾಡಿದರು.

"ಹೇಳಿ ರಾಯರೇ. ಮನೆ ಸೇರ್ಕೊಂಡ್ರಾ?"

"ಶ್ರೀನಾಥ... ನನ್ನ ಹೆಸರು ಹಿಡಿದು ಕೂಗು. ಈಗಲೇ."

"ಏನು ಸಾರ್ ಈ ಹೊತ್ತಲ್ಲಿ... ಶಾಮರಾಯರೇ!"

"ಅದಲ್ಲ ಕಣಯ್ಯ. ನನ್ನ ಹೆಸರು."

ಶ್ರೀನಾಥ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ ಸಾರ್... ಫೋನಲ್ಲೂ ಶಾಮರಾಯ ಅಂತಲೇ ಸೇವ್ ಮಾಡ್ಕೊಂಡಿದೀನಿ. ನಿಮ್ಮ ಹೆಸರೇನು ಸಾರ್?"

ಹೇಳೋಣವೆಂದು ಬಾಯಿ ತೆರೆದರು. ಬಂದದ್ದು ಕೆಮ್ಮು. ಖುಹ್... ಖುಹ್... ಇನ್ನೊಮ್ಮೆ ತೆರೆದರು. ಮತ್ತೆ ಅದೇ.

"ಸಾರ್? ಸಾರ್?" ಅಂದ ಶ್ರೀನಾಥ. ಫೋನ್ ಸತ್ತಿತು.

ಗಲ್ಲಿಯ ತಿರುವಿನಲ್ಲಿ ಹಳೆಯ ಬಾವಿ. ಫ್ಲಾಟ್ ಕಟ್ಟಿದವರು ಮುಚ್ಚದೆ ಕಬ್ಬಿಣದ ಜಾಲರಿ ಹಾಕಿ ಬಿಟ್ಟದ್ದು. ಉಸಿರು ಬಿಗಿಹಿಡಿದು ಅದನ್ನು ದಾಟಿದರು. ಹಿಂದೆ ಠಣ್ ಎಂದಿತು. ಜಾಲರಿಗೆ ಕೋಲು ತಗುಲಿದ ಸದ್ದು. ಆಮೇಲೆ ಕೆಮ್ಮು... ಒಂದು ಮೇಲೆ, ಒಂದು ಬಾವಿಯೊಳಗಿಂದ.

ಎಪ್ಪತ್ತೆರಡರ ಗುರುಚರಣರು ಓಡಿದರು.

ಎರಡನೇ ಮಹಡಿ. ಬೆಲ್ ಒತ್ತಿದರು. ಒಳಗೆ ಹೆಂಡತಿ ಲೀಲಮ್ಮನವರ ಚಪ್ಪಲಿಯ ಸರಸರ.

"ಯಾರದು?"

ಕೆಮ್ಮು ಬಂತು.

"ಸಾಕು ನಿಲ್ಸೀಂದ್ರೆ. ತಿಂಗಳಿಂದ ಇದೇ ಪ್ರಾಕ್ಟೀಸು. ಎದುರು ಮನೆಯೋರು ಮಲ್ಗಿದಾರೆ..."

ಅಷ್ಟರಲ್ಲಿ ಕೆಳಗಿನ ಮೆಟ್ಟಿಲಲ್ಲಿ ಇನ್ನೊಂದು ಕೆಮ್ಮು. ಟಕ್.

ಬಾಗಿಲಿನ ಗಾಜಿನ ಕಿಂಡಿ ಕಪ್ಪಾಯಿತು. ಲೀಲಮ್ಮನವರು ಕಣ್ಣಿಟ್ಟು ನೋಡುತ್ತಿದ್ದರು.

"ಇವತ್ತು ಸಾಯೋ ಸೀನಲ್ವಾ?" ಪಿಸುಮಾತು.

ಗುರುಚರಣರು ಹೌದೆಂದು ತಲೆಯಾಡಿಸಿದರು.

"ಹೆಸರು ಕೂಗಿದ್ರಾ?"

ಇಲ್ಲವೆಂದು ತಲೆಯಾಡಿಸಿದರು.

ಟಕ್... ಟಕ್... ಮೊದಲ ಮಹಡಿ.

"ಬಾಗಿಲು ತೆಗಿ" ಅನ್ನುವಂತೆ ಕೈ ಮುಗಿದರು.

"ಹಾಗೇ ತೆಗೆದ್ರೆ ಇಬ್ರೂ ಬರ್ತೀರಿ..." ಅಂದರು ಲೀಲಮ್ಮ. "ಅಯ್ಯೋ, ನಾನು ಹೇಗೆ ಕೂಗ್ಲೀಂದ್ರೆ..."

ಮದುವೆಯಾಗಿ ನಲವತ್ತಾರು ವರ್ಷ. ಲೀಲಮ್ಮನವರು ಒಮ್ಮೆಯೂ ಗಂಡನ ಹೆಸರು ಹೇಳಿದವರಲ್ಲ. ಆಸ್ಪತ್ರೆಯ ಚೀಟಿ ಮಾಡಿಸುವಾಗಲೂ ಕಾಗದದ ಮೇಲೆ ಬರೆದು ತೋರಿಸಿದ್ದರು. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಅಂತ ಅವರ ತಾಯಿ ಹೇಳಿಕೊಟ್ಟಿದ್ದರು.

ಟಕ್. ಕೊನೆಯ ತಿರುವು. ಬೆನ್ನ ಹಿಂದೆ ಉಸಿರು. ಉಸಿರಿನಲ್ಲಿ ಗೊರಗೊರ.

"ಗುರುಚರಣ..." ಅಂದರು ಲೀಲಮ್ಮ. ಅಷ್ಟೂ ವರ್ಷದ ಸಂಕೋಚ ಬಿಟ್ಟು ಇನ್ನೊಮ್ಮೆ, ಜೋರಾಗಿ, "ಗುರುಚರಣಾ!"

"ಓ" ಅಂದರು ಅವರು. ತಮ್ಮದೇ ದನಿಯಲ್ಲಿ.

ಅವರ ಕಿವಿಯ ಪಕ್ಕದಲ್ಲೂ ಯಾರೋ "ಓ" ಅಂದರು. ಅದೇ ದನಿಯಲ್ಲಿ.

ಬಾಗಿಲು ತೆರೆಯಿತು. ಲೀಲಮ್ಮ ತೋಳು ಹಿಡಿದು ಒಬ್ಬರನ್ನು ಒಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದರು. ಚಿಲಕ, ಸರಪಳಿ, ಎರಡೂ.

"ನಗಿ" ಅಂದರು. ಅವರು ನಕ್ಕರು. ಲೀಲಮ್ಮ ಫೋನಿನಲ್ಲಿ ಫೋಟೊ ತೆಗೆದರು. ಇಬ್ಬರೂ ದೀಪ ಆರಿಸದೆ ಬೆಳಗಿನವರೆಗೆ ಕೂತರು. ಹೊರಗೆ ಮತ್ತೆ ಸದ್ದಾಗಲಿಲ್ಲ. ಬೆಳಗಾಯಿತು. ಗುರುಚರಣರು ಬದುಕಿದ್ದರು.

ಹಾಲಿನ ಪ್ಯಾಕೆಟ್ ತೆಗೆಯಲು ಬಾಗಿಲು ತೆರೆದರು. ಗೋಡೆಗೆ ಒರಗಿಸಿ ಒಂದು ಕೋಲು. ತುದಿಗೆ ಹಿತ್ತಾಳೆ ಬಳೆ.

ಇಬ್ಬರೂ ಅದನ್ನು ಮುಟ್ಟಲಿಲ್ಲ. ಎದುರು ಮನೆಯವನನ್ನು ಕರೆದು, ತೆಗೆದುಕೊಂಡು ಹೋಗಿ ಎಂದರು.

ಎದುರು ಮನೆಯವನು ನಾನು. ಇದನ್ನೆಲ್ಲ ಅವರು ಹೇಳಿದ್ದು ಆಮೇಲೆ. ತೆಗೆದುಕೊಂಡೆ. ಹಿಡಿ ಬೆಚ್ಚಗಿತ್ತು.