ಎಂಟು ದಿನ ಮೈ ತೊಳೀಬಾರದಂತೆ

ಏನಂದಿ? ಸಿಮೆಂಟು ಗಟ್ಟಿಯಾಗಾಕ ಎಂಟು ದಿನಾ? ಎಂಟು ದಿನ ಈ ಬಚ್ಚಲದಾಗ ಯಾರೂ ಮೈ ತೊಳೀಬಾರ್ದಾ? ಖಾಸಿಮಣ್ಣ, ಬಚ್ಚಲ ಸರಿ ಮಾಡೋ ಗೌಂಡಿ ಅಂತ ನಿನ್ನ ಕರೆಸೀನಿ, ನನ್ನ ಕುತ್ತಿಗಿ ಕೊಯ್ಯಾಕ ಕರೆಸಿಲ್ಲ!

ಯಾಕ ನಗ್ತಿ? ಈ ಗಿಡ್ಡಮ್ಮ ಎಲ್ಲಿ ಹೋದ್ರೂ ಜಗಳಾನಾ ಅಂತನಾ? ಹೌದು, ಜಗಳಾನಾ! ಕಚೇರಿ ಬಾಗಿಲಾಗ ಕುಂತು ಬಾಯಿ ಮಾಡಿದ್ದಕ್ಕ ಸಿಮೆಂಟಿನ ಪರ್ಮಿಟ್ಟು ಸಿಕ್ಕೈತಿ. ಕೈ ಮುಗದಿದ್ರ ಒಂದು ಬೊಗಸಿನೂ ಕೊಡ್ತಿರಲಿಲ್ಲ.

ಈ ಗೋಡಿ ಮುಟ್ಟಿ ನೋಡು. ಮೊಣಕಾಲಮಟ ತಂಪು ಏರೈತಿ. ಆಚಿ ಕಡಿ ಹುಲುಗಣ್ಣನ ಮನಿ. ನನ್ನ ಅಳಿಯ... ಥೂ, ಅಳಿಯ ಅಂತ ಅನ್ನಾಕ ನಾಲಿಗಿ ಬರವಲ್ದು. ಮುಂಜೇಲೆ ಬಂದಿದ್ದ. "ಅತ್ತಿ, ನನ್ನ ಗೋಡಿ ನೆನದೈತಿ. ನೀ ಒಬ್ಬಾಕಿ ಅದೀ, ಇಷ್ಟು ನೀರು ಯಾರಿಗೆ ಹಾಕ್ತಿ?" ಅಂದ. ನಾಳೆ ತಾನಾ ಒಳಗ ಬಂದು ಬಚ್ಚಲ ನೋಡ್ತಾನಂತ. ಬರಬಾರ್ದು! ಅವನ ಕಾಲು ನನ್ನ ಹೊಸ್ತಿಲ ದಾಟಬಾರ್ದು!

ಮಾರೆಮ್ಮನಾ? ನನ್ನ ಮಗಳು ಮಾಗಳ ಊರಾಗ ಅದಾಳ, ಚಿಗವ್ವನ ಮನ್ಯಾಗ. ಹೆರಿಗಿಗೆ ಇನ್ನೂ ದಿನ ಐತಿ. ಅದ್ಯಾಕ ನಿನಗ? ಕೆಲಸ ನೋಡು.

ಹಾಂ, ಹಂಗ ಹೇಳು... ನೆಲಾ ಗೋಡಿ ಕೂಡೋ ಮೂಲಿ ಬಿರಿದೈತಿ, ಅಲ್ಲಿಂದಾನಾ ಇಳೀತೈತಿ. ಸಿಮೆಂಟು ಗೋಡಿ ಮ್ಯಾಲ ಗೇಣುದ್ದ ಏರಿಸು. ಮೂಲಿ ಗುಂಡಗ ತೀಡು. ಮೋರಿ ಕಡಿಗೆ ಇಳಿಜಾರು ಕೊಡು. ಏನರ ಮಾಡು! ಆದ್ರ ಎಂಟು ದಿನ ಆಗಂಗಿಲ್ಲ. ದಿನಾ ಕೊಡಗಟ್ಲೆ ಸುಡುನೀರು ಬೇಕು.

ನನಗ! ನನಗ ಬೇಕು. ನಡಾ ನೋವು.

ಏನದು ಕೈಯಾಗ? ಬೇವಿನ ಎಲಿ... ಮೋರ್ಯಾಗ ಸಿಕ್ತಾ? ಕಜ್ಜಿಗೆ ಕುದಿಸಿದ್ದೆ. ಯಾಕ, ಮುದುಕಿಗೆ ಕಜ್ಜಿ ಆಗಬಾರ್ದಾ?

ಖಾಸಿಮಣ್ಣ?

ಬೈ ಬೇಕಾದ್ರ. ನಗು. ಆ ಎಲಿ ಹಿಂಗ ಮೂಸಬ್ಯಾಡ. ಆ ಬಾಗಿಲ ಕಡಿ ನೋಡಬ್ಯಾಡ... ನಿನ್ನ ಮಗಳು ಹಡೆದಾಗ ನೀನೂ ಇಂಥಾ ಎಲಿ ಕಿತ್ತು ತಂದಾವಾ, ಅಲ್ಲೇನು?

ಹೌದು. ಒಳಗ ಅದಾಳ. ಊರಿಗೆ ಕಳಿಸಿದಂಗ ಮಾಡಿ ಹಿತ್ತಲ ಕಡಿಯಿಂದ ತಂದು ಇಟಗೊಂಡೀನಿ. ಗಂಡಗ ತಿಳಿದ್ರ ಜಡಿ ಹಿಡಿದು ಎಳಕೊಂಡು ಹೋಗ್ತಾನ. ಕೂಸಿನ ಅಳು ಕೇಳಲಿಲ್ಲಂತ ನೋಡ್ತೀಯಾ? ಅಳಾಕ ಕೂಸು ಎಲ್ಲೈತಿ? ಆ ನಾಯಿ ಒದ್ದ. ಹೊಟ್ಟ್ಯಾಗಾ ಹೋತು.

ಕೂಸು ಹೋದ್ರ ಬಾಣಂತಿ ಮೈ ಸುಮ್ನ ಬಿಡತೈತೇನು? ನೀರು ಹಾಕದಾ ಹೆಂಗ ಇಡ್ಲಿ? ಅವ ಆಚಿ ಕಡಿ ಈ ಗೋಡಿಗೇ ತಲಿ ಕೊಟ್ಟು ಮಲಗ್ತಾನ. ಹೇಳು ಖಾಸಿಮಣ್ಣ... ಈಕಿ ಮೈಗೆ ಹಾಕಿದ ನೀರು ಅವನ ಕಡಿ ಹೋಗದಂಗ ಮಾಡಾಕ ಆಗತೈತೋ ಇಲ್ಲೋ?